ಹಗಲು ಇರುಳಿನ ಅಚ್ಚುಗಳು

ಚಿತ್ರಕಲಾ ಪ್ರದರ್ಶನಗಳಲ್ಲಿ ಅಚ್ಚುಚಿತ್ರಗಳ ಮುಂದೆ ನಿಂತವರು ಕೇಳುವ ಪ್ರಶ್ನೆಯೊಂದನ್ನು ನಾನು ಹಲವು ಸಲ ಕೇಳಿಸಿಕೊಂಡಿದ್ದೇನೆ: 'ಇದರ ಒರಿಜಿನಲ್ ಎಲ್ಲಿದೆ?' ಚಿತ್ರದ ಕೆಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ 3/25 ಎಂಬ ಅಂಕಿಯನ್ನು ಕಂಡು, ಇದೇನು ತಾರೀಖೋ ಪರೀಕ್ಷೆಯ ಅಂಕವೋ ಎಂದು ಅನುಮಾನಿಸಿದವರೂ ಉಂಟು. ಕೇಳಿದವರನ್ನು ದೂರುವಂತಿಲ್ಲ. 'ಪ್ರಿಂಟ್' ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೇವರ ಮನೆಯ ಗೋಡೆಯ ಮೇಲಿರುವ ಲಕ್ಷ್ಮಿ ಸರಸ್ವತಿಯರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅರಮನೆಯ ಚಿತ್ರಗಳು ಬಡವರ ಮನೆಗೂ ಬಂದವು. ಎಣ್ಣೆಬಣ್ಣದ ಮೂಲ ಮೈಸೂರಿನ ಜಗನ್ಮೋಹನ ಅರಮನೆಯಂಥ ಕಡೆ, ಅದರ ಅಚ್ಚು ನಮ್ಮ ನಡುಮನೆಯಲ್ಲಿ. ಹೀಗಾಗಿ ಮೂಲ ಬೇರೆ, ಪ್ರಿಂಟ್ ಬೇರೆ, ಎರಡನೆಯದು ಅಗ್ಗದ ನಕಲು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

ರವಿವರ್ಮನ ಯಂತ್ರಗಳು ಮುಂಬಯಿಗೆ ಬರುವ ಹದಿನೈದು ವರ್ಷ ಮೊದಲು ಪ್ಯಾರಿಸ್ಸಿನಲ್ಲಿ ಮೂವರು ನಾಲ್ವರು ಚಿತ್ರಕಾರರು ಇದಕ್ಕೆ ತದ್ವಿರುದ್ಧವಾದ ಕೆಲಸವೊಂದಕ್ಕೆ ಕೈಹಾಕಿದ್ದರು. ಅವರು ಮುದ್ರಿಸಹೊರಟದ್ದು ಯಾವ ಮೂಲದ ನಕಲನ್ನೂ ಅಲ್ಲ. ಲೋಹದ ಫಲಕದ ಮೇಲೆಯೇ ಹುಟ್ಟಿ, ಕಾಗದದ ಮೇಲೆ ಮಾತ್ರ ಕಾಣಿಸಿಕೊಳ್ಳುವ ಚಿತ್ರಗಳನ್ನು. ಅವುಗಳನ್ನು ತಮ್ಮ ಗುಂಪಿನ ಪ್ರದರ್ಶನಕ್ಕೆ ಸಿದ್ಧಪಡಿಸುತ್ತ ಅವರು ಕಳೆದ ಒಂದು ಚಳಿಗಾಲದ ಕಥೆ ಕಲೆಯ ಚರಿತ್ರೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಏಕೆಂದರೆ ಅವರು ಹೊರಟ ಮುಖ್ಯ ಕೆಲಸ ಕೈಗೂಡಲೇ ಇಲ್ಲ.

ಇಂಪ್ರೆಷನಿಸ್ಟರೆಂದು ಹೆಸರಾದ ಗುಂಪು ಸರ್ಕಾರಿ ಪೋಷಣೆಯ 'ಸಲೋನ್' ಪ್ರದರ್ಶನವನ್ನು ಬದಿಗಿಟ್ಟು 1874ರಿಂದ ತಮ್ಮದೇ ಪ್ರದರ್ಶನಗಳನ್ನು ನಡೆಸುತ್ತಿತ್ತು. 1886ರವರೆಗೆ ಒಟ್ಟು ಎಂಟು ನಡೆದವು. ಮೊದಲಿನವು ನಗೆಪಾಟಲಿಗೆ ಈಡಾದವು, ಸಾಲವನ್ನೂ ತಂದವು. 1879ರ ನಾಲ್ಕನೆಯದು ಮಾತ್ರ ಅನಿರೀಕ್ಷಿತವಾಗಿ ಲಾಭ ಕಂಡಿತು. ಭಾಗವಹಿಸಿದ ಪ್ರತಿಯೊಬ್ಬರಿಗೂ ಸುಮಾರು 440 ಫ್ರಾಂಕ್ ಪಾಲು ಬಂತು. ಆ ವರ್ಷ ಮೊದಲ ಬಾರಿಗೆ ಗುಂಪಿನೊಡನೆ ಚಿತ್ರ ತೂಗಿದ್ದ ಅಮೆರಿಕದ ಮೇರಿ ಕಸಾಟ್ ತನ್ನ ಪಾಲಿನ ಹಣದಲ್ಲಿ ಜೊತೆಗಾರರ ಚಿತ್ರಗಳನ್ನೇ, ಮೊನೆಯದೊಂದು, ದೆಗಾನದೊಂದು, ಕೊಂಡಳು.

ಆ ಉತ್ಸಾಹದಲ್ಲಿ ಎಡ್ಗರ್ ದೆಗಾ ಒಂದು ಯೋಜನೆ ಹಾಕಿದ. ಗುಂಪಿನವರು ಸ್ವತಃ ಮಾಡಿದ ಅಚ್ಚುಚಿತ್ರಗಳದೇ ಒಂದು ನಿಯತಕಾಲಿಕ ತರುವುದು. ಹೆಸರು 'ಲ ಜೂರ್ ಎ ಲಾ ನ್ಯುಯಿ', ಅಂದರೆ 'ಹಗಲು ಮತ್ತು ಇರುಳು'. ಕಪ್ಪು ಬಿಳುಪಿನ ಚಿತ್ರಗಳಿಗೆ ಒಪ್ಪುವ ಹೆಸರೇ. ಬಣ್ಣ, ಬೆಳಕು ಎಂದು ಹಂಬಲಿಸಿ ಹೆಸರು ಕೆಡಿಸಿಕೊಂಡ ಗುಂಪು ಬಣ್ಣವೇ ಇಲ್ಲದ ಮಾಧ್ಯಮಕ್ಕೆ ತಿರುಗಿದ್ದು ಸ್ವಾರಸ್ಯಕರ. ಮೊದಲ ಸಂಚಿಕೆಯನ್ನು 1880ರ ಐದನೆಯ ಪ್ರದರ್ಶನದ ಹೊತ್ತಿಗೆ ತರಬೇಕೆಂದು ಮಾತಾಯಿತು. ಕಸಾಟ್, ಕಮೀಲ್ ಪಿಸ್ಸಾರೊ ಮತ್ತು ಅಚ್ಚಿನ ಕೆಲಸದಲ್ಲಿ ಪಳಗಿದ ಫೆಲಿಕ್ಸ್ ಬ್ರಾಕ್‌ಮೊ ಜೊತೆಗೂಡಿದರು. ಹಣವುಳ್ಳ ಒಂದಿಬ್ಬರು ಬೆನ್ನಿಗೆ ನಿಲ್ಲುವುದಾಗಿ ಹೇಳಿದರು. 1880ರ ಜನವರಿಯಲ್ಲಿ ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ ಸಂಚಿಕೆ ಹೊರಬರಲಿರುವ ಸುದ್ದಿಯೂ ಪ್ರಕಟವಾಯಿತು.

ಅವರು ಹಿಡಿದ ಮಾಧ್ಯಮ ಎಚ್ಚಿಂಗ್. ಇದರ ಮೂಲಕ್ರಮ ಹೇಳಲು ಸುಲಭ, ಮಾಡಲು ಕಷ್ಟ. ತಾಮ್ರದ ಅಥವಾ ಸತುವಿನ ಫಲಕವನ್ನು ಕನ್ನಡಿಯಂತೆ ಉಜ್ಜಿ ಬಿಸಿಮಾಡಿ ಅದರ ಮೇಲೆ ಮೇಣ ಮತ್ತು ರಾಳದ ತೆಳು ಲೇಪ ಬಳಿಯುತ್ತಾರೆ. ಲೇಪ ಆರಿದ ಮೇಲೆ ಸೂಜಿಯಿಂದ ಗೆರೆ ಎಳೆದರೆ ಎಳೆದಲ್ಲಿ ಲೋಹ ಬತ್ತಲಾಗುತ್ತದೆ. ಫಲಕವನ್ನು ಆಮ್ಲದಲ್ಲಿ ಇಳಿಬಿಟ್ಟರೆ ಬತ್ತಲಾದ ಗೆರೆಯನ್ನು ಆಮ್ಲ ತಿನ್ನುತ್ತದೆ, ಲೇಪವಿರುವ ಜಾಗವನ್ನು ಮುಟ್ಟುವುದಿಲ್ಲ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗಿ ಅಚ್ಚಿನಲ್ಲಿ ಗಾಢವಾಗುತ್ತದೆ. ಕಲಾವಿದನ ಕೈ ಬಿಟ್ಟಲ್ಲಿಂದ ಆಮ್ಲದ ಕೈ ಶುರು ಎನ್ನಬಹುದು. ಆಮೇಲೆ ಲೇಪ ತೆಗೆದು ಫಲಕದ ತುಂಬ ಶಾಯಿ ಮೆತ್ತಿ, ಗಂಜಿ ಹಾಕಿದ ಒರಟು ಬಟ್ಟೆಯಿಂದ, ಕೊನೆಗೆ ಅಂಗೈಯಿಂದಲೇ ಒರೆಸುತ್ತಾರೆ. ಮೇಲ್ಮೈ ಶುಚಿಯಾಗುತ್ತದೆ, ಗೆರೆಗಳೊಳಗೆ ಶಾಯಿ ಉಳಿಯುತ್ತದೆ. ಒದ್ದೆ ಕಾಗದವನ್ನು ಅದರ ಮೇಲಿಟ್ಟು, ಕಂಬಳಿ ಹೊದಿಸಿ, ಎರಡು ಉಕ್ಕಿನ ಉರುಳೆಗಳ ನಡುವೆ ಹಾಯಿಸಿದರೆ ಒತ್ತಡಕ್ಕೆ ಕಾಗದ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಚಿತ್ರ ಎಡಬಲ ತಿರುಗಿರುತ್ತದೆ. ಇನ್ನೊಂದು ಪ್ರತಿ ಬೇಕಾದರೆ ಶಾಯಿ ಮೆತ್ತುವುದರಿಂದ ಮತ್ತೆ ಆರಂಭ.

ಗೆರೆಗಿಂತ ಕಷ್ಟ ನೆರಳಿನದು. ಅದಕ್ಕೆ ಅಕ್ವಾಟಿಂಟ್ ಎಂಬ ಉಪಾಯವಿದೆ. ರಾಳದ ನುಣುಪು ಪುಡಿಯನ್ನು ಫಲಕದ ಮೇಲೆ ಉದುರಿಸಿ ಕಾಯಿಸಿದರೆ ಕಣಗಳು ಕರಗಿ ಅಂಟಿಕೊಳ್ಳುತ್ತವೆ. ಆಮ್ಲ ಕಣಗಳ ಸುತ್ತ ತಿಂದು ಮೇಲ್ಮೈಯನ್ನು ತರಿತರಿ ಮಾಡುತ್ತದೆ. ಆ ತರಿಯಲ್ಲಿ ಶಾಯಿ ನಿಂತು ಮಳೆಗಾಲದ ಮೋಡದಂಥ ಬೂದು ಬರುತ್ತದೆ. ಮೇಣದ ಲೇಪಕ್ಕೆ ಕೊಬ್ಬು ಬೆರೆಸಿ ಮೆತುವಾಗಿಸಿ, ಅದರ ಮೇಲೆ ಕಾಗದ ಹಾಸಿ ಪೆನ್ಸಿಲಿನಿಂದ ಬರೆಯುವ ಕ್ರಮ ಇನ್ನೊಂದು. ಮೂರನೆಯದಾದ ಡ್ರೈಪಾಯಿಂಟ್‌ನಲ್ಲಿ ಆಮ್ಲವೇ ಇಲ್ಲ. ಮೊನಚಾದ ಉಕ್ಕಿನಿಂದ ನೇರವಾಗಿ ಗೀರುವುದು. ಗೀರಿನ ಪಕ್ಕ ಏಳುವ ಲೋಹದ ಸಿಬಿರಿನಲ್ಲಿ ನಿಂತ ಶಾಯಿ ಮಖಮಲ್ಲಿನಂತೆ ಕಾಣುತ್ತದೆ. ಆದರೆ ಉರುಳೆಯ ಒತ್ತಡಕ್ಕೆ ಸಿಬಿರು ಬೇಗ ಸವೆಯುವುದರಿಂದ ಒಳ್ಳೆಯ ಪ್ರತಿಗಳು ಕೆಲವೇ ಸಿಕ್ಕುತ್ತವೆ.

ದೆಗಾನಿಗೆ ಇಷ್ಟೂ ಸಾಲದು. ಆ ಚಳಿಗಾಲ ವಿಪರೀತ ಚಳಿಯದು. ಮಂಜುಗಟ್ಟಿದ ಬೀದಿಯಲ್ಲಿ ಹಿಂದಿರುಗಲಾಗದೆ ಗೆಳೆಯ ಅಲೆಕ್ಸಿ ರುವಾರ್‌ನ ಮನೆಯಲ್ಲೇ ಸಿಕ್ಕಿಬಿದ್ದ ದೆಗಾ, ಸೂಜಿ ಇಲ್ಲದ್ದರಿಂದ ವಿದ್ಯುತ್ ದೀಪದೊಳಗಿನ ಇಂಗಾಲದ ಕಡ್ಡಿಯಿಂದಲೇ ತಾಮ್ರದ ಮೇಲೆ ಚಿತ್ರ ಬರೆದನೆಂದು ಆ ಗೆಳೆಯನೇ ಹೇಳಿದ ಕಥೆಯಿದೆ. ಸ್ನಾನದ ತೊಟ್ಟಿಯಿಂದ ಹೆಂಗಸೊಬ್ಬಳು ಏಳುವ ಆ ಪುಟ್ಟ ಚಿತ್ರವನ್ನು ಆತ ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಸಲ ತಿದ್ದಿದ. ಕಸಾಟಳನ್ನೇ ಮಾದರಿಯಾಗಿಟ್ಟು ಮಾಡಿದ ಎರಡು ಫಲಕಗಳದೂ ಇದೇ ಪಾಡು. ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಕೊಡೆಯೂರಿ ನಮಗೆ ಬೆನ್ನುಹಾಕಿ ನಿಂತ ಕಸಾಟ್, ಪಕ್ಕದಲ್ಲಿ ಪುಸ್ತಕದ ಮರೆಯಿಂದ ಇಣುಕುವ ಆಕೆಯ ಅಕ್ಕ ಲಿಡಿಯಾ. ಒಂದರಲ್ಲಿ ಅವರ ಮುಂದೆ ಎಟ್ರುಸ್ಕನ್ ಸಮಾಧಿಪೆಟ್ಟಿಗೆ. ಅದನ್ನು ದೆಗಾ ಒಂಬತ್ತು ಹಂತಗಳಲ್ಲಿ ಮುಗಿಸಿದ. ಇನ್ನೊಂದರಲ್ಲಿ ಚಿತ್ರಗಳ ಸಾಲು. ಜಪಾನಿನ ಕಂಬದ ಚಿತ್ರಗಳಂತೆ ಉದ್ದಕ್ಕೆ ಕಿರಿದಾದ ಅದರ ಹಂತಗಳು ಇಪ್ಪತ್ತರಷ್ಟು.

ಈ 'ಹಂತ' ಎಂಬುದನ್ನು ಸ್ವಲ್ಪ ವಿವರಿಸಬೇಕು. ಫಲಕದ ಮೇಲೆ ಏನು ಬಂದಿದೆಯೆಂದು ಒಂದು ಪ್ರತಿ ತೆಗೆಯದೆ ತಿಳಿಯುವುದಿಲ್ಲ. ತೆಗೆದು ನೋಡಿ, ಬೇಕಾದಲ್ಲಿ ಕೆರೆದು, ಉಜ್ಜಿ, ಮತ್ತೆ ಆಮ್ಲಕ್ಕೆ ಹಾಕಿ ಮತ್ತೊಂದು ಪ್ರತಿ ತೆಗೆಯುತ್ತಾರೆ. ಫಲಕ ಬದಲಾದ ಪ್ರತಿಯೊಂದು ಸಲವೂ ಒಂದು ಹಂತ. ಹಿಂದಿನ ಹಂತಕ್ಕೆ ವಾಪಸು ಹೋಗುವ ದಾರಿಯಿಲ್ಲ. ಕಾಗದದ ಮೇಲೆ ಉಳಿದ ಆ ಒಂದೋ ಎರಡೋ ಪ್ರತಿಗಳೇ ಸಾಕ್ಷಿ. ಅಡುಗೆಯವರು ಸಾರಿನ ಉಪ್ಪು ನೋಡಿದಂತೆ ಎನ್ನೋಣವೆಂದರೆ, ಇಲ್ಲಿ ಪ್ರತಿ ಸಲ ರುಚಿ ನೋಡಿದ ಸೌಟೂ ಉಳಿದುಕೊಂಡಿರುತ್ತದೆ. ವೃತ್ತಿ ಮುದ್ರಕರ ಲೆಕ್ಕದಲ್ಲಿ ಇವು ಕರಡು ಅಚ್ಚುಗಳು, ಕೊನೆಯದೊಂದನ್ನು ಬಿಟ್ಟು ಉಳಿದವು ರದ್ದಿ.

ಪಿಸ್ಸಾರೊನ ಕಷ್ಟ ಬೇರೆಯ ತೆರನದು. ಆತ ಪ್ಯಾರಿಸ್ಸಿನ ಹೊರಗೆ ಪೊಂತ್ವಾಸ್ ಎಂಬ ಊರಿನಲ್ಲಿದ್ದ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ, ಮುದ್ರಣದ ಯಂತ್ರವಂತೂ ಇಲ್ಲ. ಅವನದೇ ಯಂತ್ರ ಮನೆಗೆ ಬಂದದ್ದು 1894ರಲ್ಲಿ. ಹೀಗಾಗಿ ಫಲಕಗಳನ್ನು ಊರಿನಲ್ಲಿ ಸಿದ್ಧಪಡಿಸಿ ಪ್ಯಾರಿಸ್ಸಿಗೆ ಕಳಿಸುವುದು, ದೆಗಾ ಅವುಗಳನ್ನು ಅಚ್ಚೊತ್ತುವುದು. ಪಿಸ್ಸಾರೊನ ಕೆಲವು ಅಚ್ಚುಗಳ ಮೇಲೆ ಮುದ್ರಿಸಿದವನು ದೆಗಾ ಎಂಬ ಒಕ್ಕಣೆಯೇ ಇದೆ. 1880ರಲ್ಲಿ ದೆಗಾ ಅವನಿಗೆ ಬರೆದ ಒಂದು ಪತ್ರ ಉಳಿದಿದೆ. ಪೊಟ್ಟಣ ಬಂದೊಡನೆ ಕಸಾಟಳಿಗೆ ತೋರಿಸಲು ಓಡಿದ್ದು, ಸತು ಜಿಡ್ಡಿನ ಲೋಹವಾದ್ದರಿಂದ ಶಾಯಿಯ ಕಪ್ಪನ್ನು ಹಿಡಿದಿಟ್ಟು ಬೂದು ಛಾಯೆ ಬರಿಸುವುದು, ಫಲಕವನ್ನು ಇನ್ನೂ ನುಣುಪು ಮಾಡಬೇಕೆನ್ನುವುದು, ಮೆತು ಲೇಪದ ವಿಧಾನ, ಎಲ್ಲ ಅದರಲ್ಲಿ ಇವೆ. ಮುಂಗೋಪಿ, ಒಂಟಿಗ ಎಂದು ಹೆಸರಾದ ದೆಗಾ ಬೇರೊಬ್ಬನ ಫಲಕಕ್ಕೆ ಶಾಯಿ ಒರೆಸುತ್ತ ಕೂತದ್ದು ಅವನ ಜೀವನ ಬರೆದವರು ಮರೆಯಬಾರದ ಸಂಗತಿ. ಪಿಸ್ಸಾರೊ ತಾನೂ ಒಂದು ಯುಕ್ತಿ ಕಂಡುಕೊಂಡ. ಉಪ್ಪುಕಾಗದದಂಥ ಒರಟು ಸಾಮಗ್ರಿಯಿಂದ ತಾಮ್ರವನ್ನು ಉಜ್ಜಿ ತರಿ ಬರಿಸುವುದು. ಅದಕ್ಕೆ 'ಬೂದು ವಿಧಾನ' ಎಂದು ಹೆಸರಿಟ್ಟ.

ಪ್ರದರ್ಶನ 1880ರ ಏಪ್ರಿಲ್ 1ರಂದು ಪಿರಮಿಡ್ ಬೀದಿಯ 10ನೇ ನಂಬರಿನ ಕಟ್ಟಡದಲ್ಲಿ ಆರಂಭವಾಯಿತು. ಗುಂಪು ಒಡೆಯುತ್ತಿತ್ತು. ಮೊನೆ, ರೆನ್ವಾರ್, ಸಿಸ್ಲಿ ಬಂದಿರಲಿಲ್ಲ. ಹಸಿರು ಹಿನ್ನೆಲೆಯ ಮೇಲೆ ಕೆಂಪಕ್ಷರದ ಭಿತ್ತಿಪತ್ರದಲ್ಲಿ ಗಂಡಸರ ಹೆಸರುಗಳಿದ್ದವು. ಕಸಾಟ್, ಬೆರ್ತ್ ಮೊರಿಸೊ, ಬ್ರಾಕ್‌ಮೊನ ಹೆಂಡತಿ ಮರೀ, ಈ ಮೂವರು ಹೆಂಗಸರ ಹೆಸರು ಇರಲಿಲ್ಲ. ಇದು ದಡ್ಡತನ ಎಂದು ದೆಗಾ ಪತ್ರದಲ್ಲಿ ಸಿಡುಕಿದ. ಹೆಂಗಸರ ಬಗ್ಗೆ ಅವನ ನಾಲಗೆ ಎಷ್ಟು ಹರಿತವೆಂದು ಬಲ್ಲವರಿಗೆ ಇದೂ ಅಚ್ಚರಿಯೇ.

ಒಳಗೆ ಹೊಸದೊಂದು ನಡೆದಿತ್ತು. ಪಿಸ್ಸಾರೊ ಒಂದೇ ಚೌಕಟ್ಟಿನೊಳಗೆ ಒಂದೇ ಕಾಡಿನ ದೃಶ್ಯದ ನಾಲ್ಕು ಹಂತಗಳನ್ನು ಒಟ್ಟಿಗೆ ತೂಗಿದ್ದ. 'ಹಗಲು ಮತ್ತು ಇರುಳು' ಪತ್ರಿಕೆಯ ಮೊದಲ ಸಂಚಿಕೆಗೆ ಸೇರಿದ ಚಿತ್ರ ಎಂದು ಕ್ಯಾಟಲಾಗು ಹೇಳುತ್ತಿತ್ತು. ಅವನ ಅಚ್ಚುಗಳಿಗೆ ಹಳದಿ ಕಾಗದದ ಹಿನ್ನೆಲೆ, ನೇರಳೆ ಬಣ್ಣದ ಚೌಕಟ್ಟು. ದೆಗಾ ತನ್ನ ಎಚ್ಚಿಂಗ್‌ಗಳನ್ನು 'ಪ್ರಯೋಗಗಳು, ಫಲಕದ ಹಂತಗಳು' ಎಂದೇ ನಮೂದಿಸಿದ. ಕಸಾಟಳ ಎಚ್ಚಿಂಗ್‌ಗಳೂ ಇದ್ದವು. ರದ್ದಿಗೆ ಹೋಗಬೇಕಾದ ಕರಡುಗಳು ಗೋಡೆಯೇರಿದ್ದವು. ತಿದ್ದುವಿಕೆಯನ್ನೇ ಚಿತ್ರವೆಂದು ತೋರಿಸುವುದು ಆಗ ಸಣ್ಣ ಮಾತಲ್ಲ. ಎಣ್ಣೆಚಿತ್ರಗಳನ್ನೇ 'ಅರ್ಧಂಬರ್ಧ' ಎಂದು ಜರೆಯುತ್ತಿದ್ದ ವಿಮರ್ಶಕರ ಎದುರಿಗೆ ನಾಲ್ಕು ಅರ್ಧಂಬರ್ಧಗಳನ್ನು ಸಾಲಾಗಿ ಇಟ್ಟಂತೆ. ಮೊದಲ ಹಂತದಲ್ಲಿ ಬರೀ ಮಸುಕು, ಮುಂದಿನದರಲ್ಲಿ ಮರದ ಕಾಂಡ, ಆಮೇಲೆ ಕಾಂಡಗಳ ನಡುವಿನ ಮನೆ. ಒಂದು ಹೊತ್ತು ಬೆಳಕಾಗುತ್ತ ಬಂದಂತೆ ಆ ಅಚ್ಚುಗಳು ಕಾಣುತ್ತವೆ. ಮೊನೆ ಹುಲ್ಲಿನ ಬಣವೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಬರೆದು ಸಾಲಾಗಿ ಪ್ರದರ್ಶಿಸಿದ್ದು 1891ರಲ್ಲಿ. ಆ ಮಾಲಿಕೆಯ ಬೀಜ ಪಿಸ್ಸಾರೊನ ಈ ಚೌಕಟ್ಟಿನಲ್ಲಿತ್ತೆಂದು ನಾನು ಸಾಧಿಸಲಾರೆ, ಆದರೆ ಹಾಗೆ ಅನ್ನಿಸುವುದು ಸುಳ್ಳಲ್ಲ.

ಪತ್ರಿಕೆ ಮಾತ್ರ ಬರಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ದೆಗಾ ಸಿದ್ಧನಾಗಿರಲಿಲ್ಲ. ಯಾವ ಕೆಲಸವನ್ನೂ ಮುಗಿಯಿತೆಂದು ಕೈಬಿಡಲಾರದವನು ಗಡುವಿನ ಕೆಲಸಕ್ಕೆ ಮುಖಂಡನಾದರೆ ಆಗುವುದೇ ಇದು. ಅದೇ ಪ್ರದರ್ಶನದ ಕ್ಯಾಟಲಾಗಿನಲ್ಲಿ ನಮೂದಾಗಿದ್ದ ಅವನ ಮೇಣದ ನರ್ತಕಿಯ ಪ್ರತಿಮೆ ಕೂಡ ಆ ವರ್ಷ ಬರದೆ 1881ರಲ್ಲಿ ಬಂತು. ಪ್ರದರ್ಶನ ನಡೆಯುತ್ತಿದ್ದಾಗಲೇ ಕಸಾಟಳ ತಾಯಿ ಅಮೆರಿಕದಲ್ಲಿದ್ದ ಮಗನಿಗೆ ಬರೆದ ಪತ್ರದಲ್ಲಿ ತನ್ನ ಕೋಪವನ್ನು ಮುಚ್ಚಿಟ್ಟಿಲ್ಲ. ಎಲ್ಲರನ್ನೂ ಎಚ್ಚಿಂಗ್ ಕೆಲಸಕ್ಕೆ ಎಳೆದವನು ದೆಗಾ, ಅದರಿಂದ ಮೇರಿಗೆ ಬಣ್ಣದ ಚಿತ್ರ ಬರೆಯಲು ಬಿಡುವೇ ಸಿಗಲಿಲ್ಲ, ಕೊನೆಗೆ ಕೈಕೊಟ್ಟವನೂ ಅವನೇ, ಎಲ್ಲರಿಗೂ ಒದಗಿದ್ದ ಒಳ್ಳೆಯ ಅವಕಾಶವನ್ನು ಹಾಳುಮಾಡಿದ ಎಂಬುದು ಅದರ ತಾತ್ಪರ್ಯ. ತಾಯಿಯ ಸಂಕಟಕ್ಕೆ ಕಾರಣವಿತ್ತು. ಸ್ಟುಡಿಯೋದ ಖರ್ಚನ್ನು ಮಗಳು ಚಿತ್ರ ಮಾರಿಯೇ ತೂಗಿಸಬೇಕೆಂದು ತಂದೆ ಕಟ್ಟುನಿಟ್ಟು ಮಾಡಿದ್ದ. ಒಂದು ಚಳಿಗಾಲ ಹೋಯಿತೆಂದರೆ ವರ್ಷದ ದುಡಿಮೆಯೇ ಹೋದಂತೆ.

ಆದರೆ ಆ ಚಳಿಗಾಲದಲ್ಲಿ ಕಲಿತ ಕೈಕೆಲಸ ಹೋಗಲಿಲ್ಲ. ಅದು ಫಲ ಕೊಟ್ಟದ್ದು ಹತ್ತು ವರ್ಷಗಳ ನಂತರ. 1890ರ ವಸಂತದಲ್ಲಿ ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಏಳುನೂರಕ್ಕೂ ಹೆಚ್ಚು ಚಿತ್ರಗಳು. ಕಸಾಟ್ ಮತ್ತೆ ಮತ್ತೆ ಹೋಗಿ ನೋಡಿದಳು, ನೋಡದೆ ಇರಬೇಡ ಎಂದು ಮೊರಿಸೊಗೆ ಬರೆದಳು. ಜಪಾನಿನಲ್ಲಿ ಚಿತ್ರ ಬರೆಯುವವನು ಒಬ್ಬ, ಮರ ಕೆತ್ತುವವನು ಒಬ್ಬ, ಮುದ್ರಿಸುವವನು ಇನ್ನೊಬ್ಬ. ಬಣ್ಣಕ್ಕೊಂದು ಮರದ ಹಲಗೆ. ಕಸಾಟ್ ಅದರ ಪರಿಣಾಮವನ್ನು ತಾಮ್ರದಲ್ಲಿ ತರಲು ಹೊರಟಳು. ಗೆರೆಗಳಿಗೆ ಡ್ರೈಪಾಯಿಂಟ್, ಬಣ್ಣದ ಹರವಿಗೆ ಅಕ್ವಾಟಿಂಟ್. ಒಂದು ಚಿತ್ರಕ್ಕೆ ಹೆಚ್ಚೆಂದರೆ ಮೂರು ಫಲಕ. ಒಂದೇ ಫಲಕದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಬಣ್ಣಗಳನ್ನು ಚಿಂದಿ ಬಟ್ಟೆಯ ಉಂಡೆಯಿಂದ ಕೈಯಾರೆ ಹಚ್ಚಿ, ಒರೆಸಿ, ಮೂರೂ ಫಲಕಗಳನ್ನು ಒಂದೇ ಕಾಗದದ ಮೇಲೆ ಒಂದಾದ ಮೇಲೊಂದು ಒತ್ತಬೇಕು. ಕೂದಲೆಳೆ ಜರುಗಿದರೂ ಉಡುಪಿನ ಬಣ್ಣ ತೋಳಿನ ಮೇಲೆ ಬರುತ್ತದೆ.

ಲೆರ್ವಾ ಎಂಬ ವೃತ್ತಿ ಮುದ್ರಕನನ್ನು ಜೊತೆಗಿಟ್ಟುಕೊಂಡು ಆಕೆ ಹತ್ತು ಚಿತ್ರಗಳನ್ನು ತಲಾ 25 ಪ್ರತಿಯಂತೆ ಮುದ್ರಿಸಿದಳು. ಪೂರಾ ಎಂಟು ಗಂಟೆ ಇಬ್ಬರೂ ಶಕ್ತಿಮೀರಿ ದುಡಿದರೂ ಕೆಲವು ದಿನ ಎಂಟೋ ಹತ್ತೋ ಪ್ರತಿ ಸಿಗುತ್ತಿತ್ತೆಂದು ಆಕೆ ಮುಂದೆ ನೆನಪಿಸಿಕೊಂಡಿದ್ದಾಳೆ. 250 ಪ್ರತಿಗಳಿಗೆ ಬರೀ ಅಚ್ಚೊತ್ತುವ ಕೆಲಸವೇ ಒಂದು ತಿಂಗಳ ಮೇಲಾಯಿತು ಎಂದು ನಾವೇ ಲೆಕ್ಕ ಹಾಕಬಹುದು. ಚಿತ್ರಗಳ ಅಂಚಿನಲ್ಲಿ 'ಕಲಾವಿದೆ ಮತ್ತು ಶ್ರೀ ಲೆರ್ವಾ ಮುದ್ರಿಸಿದ್ದು' ಎಂದು ಬರೆದಳು. ಮುದ್ರಕನ ಹೆಸರನ್ನು ತನ್ನ ಹೆಸರಿನ ಪಕ್ಕ ಹಾಕುವ ಈ ಸೌಜನ್ಯ ಆ ಕಾಲಕ್ಕೆ ಅಪರೂಪವೇ. ಮಗುವಿಗೆ ಸ್ನಾನ ಮಾಡಿಸುವ ತಾಯಿ, ಲಕೋಟೆಯ ಅಂಟನ್ನು ನಾಲಗೆಯಿಂದ ಒದ್ದೆ ಮಾಡುವ ಹೆಂಗಸು, ದರ್ಜಿ ಹೆಣ್ಣಿನ ಮುಂದೆ ಬಟ್ಟೆಯ ಅಳತೆ ಸರಿನೋಡುತ್ತ ನಿಂತವಳು, ಬಸ್ಸಿನಲ್ಲಿ ಕೂತ ತಾಯಿ ದಾದಿ ಕೂಸು. ಅಷ್ಟೇ ವಸ್ತುಗಳು.

ಇವುಗಳನ್ನು ತೂಗುವ ಜಾಗದ್ದೇ ಈಗ ಪ್ರಶ್ನೆಯಾಯಿತು. ಅಚ್ಚುಚಿತ್ರಕಾರರ ಸಂಘವೊಂದು 1889ರಿಂದ ಡ್ಯುರಾಂ-ರುಯೆಲ್ ಗ್ಯಾಲರಿಯಲ್ಲಿ ಪ್ರದರ್ಶನ ನಡೆಸುತ್ತಿತ್ತು. ಅದನ್ನು ಕಟ್ಟಿದವರಲ್ಲಿ ನಮ್ಮ ಬ್ರಾಕ್‌ಮೊ ಒಬ್ಬ ಪ್ರಮುಖ. 1891ರಲ್ಲಿ ಸಂಘ ತನ್ನ ಹೆಸರಿಗೆ 'ಫ್ರೆಂಚ್' ಎಂಬ ಪದ ಸೇರಿಸಿಕೊಂಡಿತು. ಫ್ರಾನ್ಸಿನಲ್ಲಿ ಹುಟ್ಟದವರು ಸದಸ್ಯರಲ್ಲ ಎಂದಾಯಿತು. ಕಸಾಟ್ ಹುಟ್ಟಿದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಪಿಸ್ಸಾರೊ ಹುಟ್ಟಿದ್ದು ಆಗ ಡೆನ್ಮಾರ್ಕಿನ ಕೈಯಲ್ಲಿದ್ದ ಕೆರಿಬಿಯನ್ ದ್ವೀಪವೊಂದರಲ್ಲಿ, ಸಾಯುವವರೆಗೂ ಆತ ಡೆನ್ಮಾರ್ಕಿನ ಪ್ರಜೆ. ಎಂಟು ಗುಂಪು ಪ್ರದರ್ಶನಗಳಲ್ಲಿ ಒಂದನ್ನೂ ತಪ್ಪಿಸದ ಏಕೈಕ ಚಿತ್ರಕಾರ ಪಿಸ್ಸಾರೊ ಎಂಬುದನ್ನು ನೆನೆದರೆ ಆ ಬಾಗಿಲು ಮುಚ್ಚಿದ್ದರ ಕಹಿ ಗೊತ್ತಾಗುತ್ತದೆ.

ಡ್ಯುರಾಂ-ರುಯೆಲ್ ಆ ಇಬ್ಬರಿಗೆ ಅದೇ ಗ್ಯಾಲರಿಯಲ್ಲಿ, ಸಂಘದ ಪ್ರದರ್ಶನಕ್ಕೆ ಹೊಂದಿಕೊಂಡೇ ಇದ್ದ ಎರಡು ಪುಟ್ಟ ಕೋಣೆಗಳನ್ನು ಕೊಟ್ಟ. ಕಸಾಟ್ ಹತ್ತು ಬಣ್ಣದ ಅಚ್ಚುಗಳ ಜೊತೆಗೆ ನಾಲ್ಕು ಬೇರೆ ಚಿತ್ರಗಳನ್ನು ತೂಗಿದಳು. ಉದ್ಘಾಟನೆಯ ಹಿಂದಿನ ದಿನ, ಏಪ್ರಿಲ್ 3ರಂದು, ಪಿಸ್ಸಾರೊ ಲಂಡನ್ನಿನಲ್ಲಿದ್ದ ಮಗ ಲೂಸಿಯನ್‌ಗೆ ಪತ್ರ ಬರೆದ. ಅದರಲ್ಲಿ ತನ್ನ ಚಿತ್ರಗಳ ಮಾತಿಗಿಂತ ಕಸಾಟಳ ಅಚ್ಚುಗಳ ಹೊಗಳಿಕೆಯೇ ಹೆಚ್ಚು. ಬಣ್ಣ ಎಲ್ಲೂ ಕಲೆಯಾಗದೆ ಸಮನಾಗಿ, ನವುರಾಗಿ ಬಂದಿರುವುದನ್ನು ಕಸುಬು ಬಲ್ಲವನಂತೆ ಮೆಚ್ಚಿದ್ದಾನೆ. ಪಕ್ಕದ ಕೋಣೆಯ ದೇಶಭಕ್ತರು ನಾಳೆ ಇದನ್ನು ಕಂಡು ಉರಿದುಬೀಳುತ್ತಾರೆ ಎಂಬ ಖುಷಿಯನ್ನೂ ತೋಡಿಕೊಂಡಿದ್ದಾನೆ. ಇಂದು ಆ ಸಂಘದ ಅಂದಿನ ಕ್ಯಾಟಲಾಗನ್ನು ತಿರುವಿಹಾಕುವವರು ವಿರಳ. ಆ ಹತ್ತು ಅಚ್ಚುಗಳ ಪ್ರತಿಗಳು ಅಮೆರಿಕದ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ.

ದೆಗಾ 1917ರಲ್ಲಿ ತೀರಿಕೊಂಡ. ಮರುವರ್ಷ ಅವನ ಸ್ಟುಡಿಯೋದಲ್ಲಿದ್ದ ಅಚ್ಚುಗಳ ಹರಾಜು ನಡೆದಾಗ, 'ಹಗಲು ಮತ್ತು ಇರುಳಿ'ಗಾಗಿ ತಿದ್ದಿ ತಿದ್ದಿ ತೆಗೆದಿದ್ದ ಹಂತಗಳು ಹೊರಬಂದವು. ಕಸಾಟ್ 1926ರವರೆಗೆ ಬದುಕಿದ್ದಳು, ಆದರೆ ಕಣ್ಣಿನ ಪೊರೆಯಿಂದ ದೃಷ್ಟಿ ಹೋಗಿ ಕೆಲಸ ನಿಂತು ಹತ್ತು ವರ್ಷ ದಾಟಿತ್ತು. 1923ರಲ್ಲಿ ಆಕೆಯ ಮನೆಯಲ್ಲಿ ಹಳೆಯ ಡ್ರೈಪಾಯಿಂಟ್ ಫಲಕಗಳ ಒಂದು ಕಟ್ಟು ಸಿಕ್ಕಿತು. ಇವು ಎಂದೂ ಅಚ್ಚಾಗದ ಫಲಕಗಳೆಂದು ನಂಬಿದ ಆಕೆ ಹೊಸದಾಗಿ ಮುದ್ರಿಸಿ ನ್ಯೂಯಾರ್ಕಿಗೆ ಕಳಿಸಿದಳು. ಅಲ್ಲಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಅಧಿಕಾರಿ ನೋಡಿ, ಇವುಗಳ ಹಿಂದಿನ ಪ್ರತಿಗಳು ನಮ್ಮಲ್ಲಿ ಆಗಲೇ ಇವೆ, ಇವು ಸವೆದ ಫಲಕದ ಮರುಮುದ್ರಣಗಳು ಎಂದ. ಜೀವಮಾನದ ಗೆಳತಿ ಲೂಯಿಸೀನ್ ಹ್ಯಾವ್‌ಮೇಯರ್ ಕೂಡ ಅವನ ಮಾತನ್ನೇ ಒಪ್ಪಿದಳು. ಅವು ಹೊಸವೇ ಎಂದು ಕಸಾಟ್ ಪಟ್ಟುಹಿಡಿದಳು. ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಆಕೆಗೆ ಕಣ್ಣಿರಲಿಲ್ಲ. ಆ ಜಗಳದಿಂದ ಮುರಿದ ಸ್ನೇಹ ಮತ್ತೆ ಮೊದಲಿನಂತಾಗಲಿಲ್ಲ.